ಗಾಳಿದೊರೆಗೆ ಬಾರದ ಅಕ್ಷರ

ಕಡೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಈರಭದ್ರಪ್ಪನವರ ಪಾತ್ರೆ ಅಂಗಡಿ. ಅದರ ಬಾಗಿಲ ಪಕ್ಕದಲ್ಲಿ ಮಣೆ ಹಾಕಿಕೊಂಡು ಪಾತ್ರೆಗಳ ಮೇಲೆ ಹೆಸರು ಕೊರೆಯುವವನು ಫಕ್ರುದ್ದೀನ. ಅರವತ್ತು ತುಂಬಿದ ಮನುಷ್ಯ. ಕೈಯಲ್ಲಿ ಜೀರುಂಡೆಯ ಹಾಗೆ ಸದ್ದು ಮಾಡುವ ಕರೆಂಟಿನ ಮೊನೆ, ಮೂಗಿನ ತುದಿಯಲ್ಲಿ ಕನ್ನಡಕ. ಗೃಹಪ್ರವೇಶಕ್ಕೆ ಕೊಡುವ ಬಿಂದಿಗೆ, ಮದುವೆಗೆ ಕೊಡುವ ಕೊಳಗ, ಸತ್ತವರ ನೆನಪಿಗೆ ಗುಡಿಗೆ ಕೊಡುವ ತಟ್ಟೆ, ಎಲ್ಲದರ ಮೇಲೂ ಕೊಟ್ಟವರ ಹೆಸರು ಇರಲೇಬೇಕು. ಕೊಟ್ಟದ್ದು ದೇವರಿಗೆ ಗೊತ್ತಾದರೆ ನಮ್ಮ ಜನಕ್ಕೆ ಸಾಲದು, ಅಡುಗೆಯವನಿಗೂ ಗೊತ್ತಾಗಬೇಕು. ಹೀಗೆ ಮೂರು ತಾಲ್ಲೂಕಿನ ಹೆಸರುಗಳನ್ನೆಲ್ಲ ಬರೆದ ಫಕ್ರುದ್ದೀನನ ಹೆಸರನ್ನು ಇದುವರೆಗೆ ಯಾರೂ ಎಲ್ಲೂ ಬರೆದಿಲ್ಲ.

ಹೆಂಡತಿ ಜೈನಾಬಿ ತೀರಿಕೊಂಡು ನಾಲ್ಕು ವರ್ಷ. ಒಬ್ಬಳೇ ಮಗಳು ಉಮ್ಮೆ ಹಾನಿ ತರೀಕೆರೆಗೆ ಮದುವೆಯಾಗಿ ಹೋದವಳು, ಶುಕ್ರವಾರ ಫೋನ್ ಮಾಡಿ "ಖಾನಾ ಖಾಯೇ ಅಬ್ಬಾ?" ಎಂದು ಊಟ ವಿಚಾರಿಸುತ್ತಾಳೆ. "ಖಾಯಾ ಬೇಟಾ" ಎನ್ನುತ್ತಾನೆ. ಆಮೇಲೆ ಇಬ್ಬರಿಗೂ ಮಾತು ತೋಚುವುದಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಹೆಸರು ಹೇಳುತ್ತಾರೆ, ಇವನು ಬರೆಯುತ್ತಾನೆ, ಅಲ್ಲಿಗೆ ಮುಗಿಯಿತು. ಕೆಲವು ದಿನ ಸಂಜೆ ಮಸೀದಿ ಹಿಂದಿನ ಬೀದಿಯಲ್ಲಿರುವ ಮನೆಯ ಬೀಗ ತೆಗೆಯುವಾಗ, ಇವತ್ತು ತಾನು ಬಾಯಿ ಬಿಟ್ಟು ಆಡಿದ್ದು ನಾಲ್ಕೇ ಮಾತು ಎಂದು ಅವನಿಗೆ ಹೊಳೆಯುವುದುಂಟು. ಅಂಥ ದಿನ ಅವನಿಗೆ ಭಯವಾಗುತ್ತದೆ. ಹೀಗೇ ಒಂದು ದಿನ ಮಾತು ನಿಂತೇ ಹೋದರೂ ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂಬ ಭಯ.

ಮೂರು ವರ್ಷದ ಹಿಂದೆ ತನುಜಾ ಎಂಬ ಹೈಸ್ಕೂಲ್ ಟೀಚರು ಅಂಗಡಿಗೆ ಬಂದು ಒಂದು ಸ್ಟೀಲ್ ಡಬ್ಬಿ ಕೊಂಡರು. ಅದರ ಮೇಲೆ 'ಗಾಲಿದೊರೆ ಬಳಗ' ಎಂದು ಬರೆಯಬೇಕು ಎಂದರು. ಫಕ್ರುದ್ದೀನನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಸಾವಧಾನವಾಗಿ 'ಗಾಳಿದೊರೆ' ಎಂದು ಕೊರೆದ.

"ಅಯ್ಯೋ ಸಾಬ್ರೇ, ಕೆಡಿಸ್ಬಿಟ್ರಲ್ಲ! ಳ ಅಲ್ಲ, ಲ ಹಾಕ್ಬೇಕಿತ್ತು" ಎಂದರು ತನುಜಾ.

"ಸರಿಯಾದ ಮಾತು ಗಾಳಿ ಅಲ್ವೇನಮ್ಮ?"

"ಸರಿಯಾದದ್ದು ಗಾಳೀನೇ. ಆದ್ರೆ ಅವ್ನು ಹಂಗ್ ಅನ್ನಲ್ಲ. ನಿಮಗೆ ಗೊತ್ತಾಗಲ್ಲ ಬಿಡಿ, ಅದೊಂದು ಹಳೇ ಕಾಮಿಕ್ಸು."

ಫಕ್ರುದ್ದೀನ ಕೆಟ್ಟ ಡಬ್ಬಿಯನ್ನು ಪಕ್ಕಕ್ಕಿಟ್ಟ. ಬೇರೆ ಡಬ್ಬಿಯ ಮೇಲೆ ಲ ಹಾಕಿಯೇ ಬರೆದುಕೊಟ್ಟ. ಆದರೆ ಡಬ್ಬಿ ಕೈಗೆ ಕೊಡುವಾಗ, ಆ ಬಳಗಕ್ಕೆ ಸೇರುವುದು ಹೇಗೆ ಎಂದು ಕೇಳಿದ. ತನುಜಾ ನಗುತ್ತಾ ಅವನ ನಂಬರನ್ನು ವಾಟ್ಸಾಪ್ ಗುಂಪಿಗೆ ಸೇರಿಸಿದರು.

ಈಗ ಆ ಗಾಳಿದೊರೆಯ ಸಂಗತಿ ಹೇಳಬೇಕು. ಸಾವಿರದ ಒಂಬೈನೂರ ಎಂಬತ್ತಾರರಿಂದ ಐದು ವರ್ಷ, ತಿಂಗಳಿಗೊಂದರಂತೆ ಅರವತ್ತೊಂದು ಸಂಚಿಕೆ ಬಂದು ನಿಂತುಹೋದ ಚಿತ್ರಕಥೆ ಅದು. ಕಚ್ಚೆ ಕಟ್ಟಿ, ಬೂಟು ಹಾಕಿ, ಹೆಗಲ ಮೇಲೆ ಕರಿಕಂಬಳಿ ಬೀಸಿಕೊಂಡು ಹಾರುವ ವೀರ. ಕಂಬಳಿ ನೆನೆದರೆ ಭಾರವಾಗಿ ನೆಲಕ್ಕಿಳಿಯುತ್ತಾನೆ. ಮೊದಲ ಸಂಚಿಕೆಯಲ್ಲೇ ಬಿರುಗಾಳಿಗೆ ಸಿಕ್ಕಿ ಅವನ ತಾಯಿ ಕಾಣೆಯಾಗುತ್ತಾಳೆ, ಕೊನೆಯವರೆಗೂ ಸಿಗುವುದಿಲ್ಲ. ಇಂಥ ವೀರನಿಗೆ ಒಂದು ವಿಚಿತ್ರ ಇತ್ತು. ಅವನ ಬಾಯಲ್ಲಿ ಳ ಎಂಬ ಅಕ್ಷರವೇ ಬರುತ್ತಿರಲಿಲ್ಲ. "ನಾನು ಗಾಲಿದೊರೆ! ಕಲ್ಲರೇ, ನಿಲ್ಲಿ!" ಎನ್ನುತ್ತಿದ್ದ. ಅವನೊಬ್ಬನೇ. ಖದೀಮರು, ಪೊಲೀಸರು, ದಾರಿಹೋಕರು, ಎಲ್ಲರೂ ಅಚ್ಚುಕಟ್ಟಾಗಿ ಳ ಆಡುತ್ತಿದ್ದರು.

ಇದಕ್ಕೆ ಕಾರಣ ಬಲ್ಲವನು ಇಡೀ ಭೂಮಿಯ ಮೇಲೆ ಈಗ ಒಬ್ಬನೇ ಉಳಿದಿದ್ದ. ಅವನು ಕಡೂರಿನಲ್ಲಿ ಬಿಂದಿಗೆಯ ಮೇಲೆ ಹೆಸರು ಕೊರೆಯುತ್ತಿದ್ದ.

ಫಕ್ರುದ್ದೀನ ತರೀಕೆರೆಯಲ್ಲಿ ಹುಟ್ಟಿದವನು. ಬೋರ್ಡು ಬರೆಯುವ ಲಕ್ಕಣ್ಣ ಎಂಬವರ ಹತ್ತಿರ ಅಕ್ಷರ ಕಲಿತ. "ಅಕ್ಷರಕ್ಕೆ ನಾಲಿಗೆ ಬೇಕಾಗಿಲ್ಲ ಕಣೋ, ಕೈ ನೆಟ್ಟಗಿದ್ರೆ ಸಾಕು" ಎನ್ನುತ್ತಿದ್ದರು ಲಕ್ಕಣ್ಣ. ಇಪ್ಪತ್ತೆರಡನೇ ವಯಸ್ಸಿಗೆ ಬೆಂಗಳೂರಿನ ಒಂದು ಸಣ್ಣ ಪತ್ರಿಕೆಯ ಕಚೇರಿ ಸೇರಿದ. ಚಿತ್ರಕಥೆಯ ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಗಳೊಳಗೆ ಕೈಬರಹದಲ್ಲಿ ಮಾತು ತುಂಬುವ ಕೆಲಸ. ಅಲ್ಲಿ ಆಗಲೇ ಅದೇ ಕೆಲಸದ ಹಿರಿಯರೊಬ್ಬರಿದ್ದರು. ಅವರು ಕೆಲಸ ಹಂಚಿಕೊಟ್ಟರು. ಕೆಟ್ಟವರು ವಿಪರೀತ ಮಾತಾಡುತ್ತಾರೆ, ಅವರ ಗುಳ್ಳೆಗಳೆಲ್ಲ ಹಿರಿಯರ ಪಾಲಿಗೆ. ಒಳ್ಳೆಯವನು ಪುಟಕ್ಕೊಂದು ಮಾತಾಡಿದರೆ ಹೆಚ್ಚು, ಅವನು ಹೊಸಬನಿಗಿರಲಿ ಎಂದರು. ಹೀಗೆ ಗಾಳಿದೊರೆಯ ಬಾಯಿ ಫಕ್ರುದ್ದೀನನ ಕೈಗೆ ಬಂತು.

ಕಥೆ ಬರೆಯುತ್ತಿದ್ದವರು ರಘುನಾಥ್. ಬರೆಯುತ್ತಿದ್ದರು ಎಂದರೆ ತಪ್ಪು, ಅವರಿಗೆ ಕೂತು ಬರೆಯುವ ಅಭ್ಯಾಸವೇ ಇರಲಿಲ್ಲ. ಬೀಡಿ ಹಚ್ಚಿಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾ ಮಾತುಗಳನ್ನು ಬಾಯಲ್ಲೇ ಹೇಳುತ್ತಿದ್ದರು, ಇವರು ಕಿವಿಗೆ ಬಿದ್ದದ್ದನ್ನು ಗುಳ್ಳೆಯೊಳಗೆ ಇಳಿಸಬೇಕು. ಮನೆಯಲ್ಲಿ ಉರ್ದು ಆಡುವವರೆಲ್ಲರ ನಾಲಿಗೆಯೂ ಒಂದೇ ಥರ ಎಂದು ಯಾರೂ ತಿಳಿಯಬಾರದು. ಫಕ್ರುದ್ದೀನನ ಅಕ್ಕ ಹರಳು ಹುರಿದ ಹಾಗೆ ಕನ್ನಡ ಮಾತಾಡುತ್ತಿದ್ದಳು. ಇವನಿಗೆ ಮಾತ್ರ ಳ ಮತ್ತು ಲ ಕಿವಿಯಲ್ಲೂ ಒಂದೇ, ಬಾಯಲ್ಲೂ ಒಂದೇ. ಬೋರ್ಡು ನೋಡಿ ಬರೆಯುವಾಗ ತೊಂದರೆಯಿರಲಿಲ್ಲ, ಕೇಳಿ ಬರೆದದ್ದು ಇದೇ ಮೊದಲು. ದೀಪಾವಳಿಗೆ ಮುಂಚೆ ಸಂಚಿಕೆ ಹೊರಬರಬೇಕೆಂಬ ಗಡಿಬಿಡಿಯಲ್ಲಿ ಯಾರೂ ತಿದ್ದಲಿಲ್ಲ. ಅಚ್ಚಾಗಿ ಬಂದ ಮೇಲೆ ನೋಡಿದರೆ ಗಾಳಿದೊರೆ ಗಾಲಿದೊರೆಯಾಗಿ ಕೂತಿದ್ದ.

ಮಾಲೀಕರು ಕೆಂಡವಾದರು. ಆದರೆ ವಾರದೊಳಗೆ ಕಾರ್ಡುಗಳು ಬರತೊಡಗಿದವು. ಅವನ ಬೂಟಿನೊಳಗೆ ಗಾಲಿಗಳಿವೆಯೇ? ಅವನು ಬೇರೆ ಗ್ರಹದವನೇ? ಹುಡುಗರು ಬೀದಿಬೀದಿಯಲ್ಲಿ "ಕಲ್ಲರೇ ನಿಲ್ಲಿ" ಎಂದು ಕೂಗುತ್ತಿದ್ದಾರೆ ಎಂದು ಏಜೆಂಟರು ಹೇಳಿದರು. ರಘುನಾಥ್ ಮಾಲೀಕರ ಮುಂದೆ ಹೋಗಿ, "ಹುಡುಗನ್ನ ಬೈಬೇಡಿ ಸಾರ್. ಇದು ತಪ್ಪಲ್ಲ, ಗುಟ್ಟು ಅಂತ ಹಾಕಿ" ಎಂದರು. ಮುಂದಿನ ಸಂಚಿಕೆಯ ಓದುಗರ ಪುಟದಲ್ಲಿ 'ಗುಟ್ಟು ಬಲ್ಲವರು ಬಲ್ಲರು, ಕಾದು ನೋಡಿ' ಎಂದು ಹಾಕಿಯೂ ಬಿಟ್ಟರು. ಅಲ್ಲಿಂದ ತಪ್ಪೇ ಕಾನೂನಾಯಿತು. ಫಕ್ರುದ್ದೀನ ನಾಚಿಕೆಯಿಂದ ಬಾಡಿಗೆ ಕೋಣೆಯ ಕನ್ನಡಿ ಮುಂದೆ ನಿಂತು ಮೂರು ತಿಂಗಳು ನಾಲಿಗೆ ಮಡಚಿ ಮಡಚಿ ಳ ಕಲಿತ. ಕಲಿತು ಬಂದರೆ ಬರೆಯುವಂತಿಲ್ಲ. ಬೇರೆಯವರು ಸರಿ ಬರೆದು ಸಂಬಳ ತಗೊಂಡರೆ ಇವನು ತಪ್ಪು ಬರೆದು ತಗೊಂಡ. ಒಂದು ಪದವನ್ನಂತೂ ಗಾಳಿದೊರೆಯ ಬಾಯಿಗೆ ಹಾಕುವಂತೆಯೇ ಇರಲಿಲ್ಲ, ಹೇಳು ಎನ್ನಬೇಕಾದಲ್ಲೆಲ್ಲ ರಘುನಾಥ್ ನುಡಿ ಎನ್ನಿಸುತ್ತಿದ್ದರು. ಮಕ್ಕಳ ಪತ್ರಿಕೆ ನೋಡಿ, ಯಾಕೆಂದು ಕನ್ನಡಿಗರಿಗೆ ಬಿಡಿಸಿ ವಿವರಿಸಬೇಕಾಗಿಲ್ಲ.

ಐದನೇ ಸಂಚಿಕೆಗೆ ಚಂಗು ಎಂಬ ಕೋತಿ ಬಂತು. ಚಿತ್ರಗಾರ ಅದರ ಕೈಯಲ್ಲಿ ಒಂದು ಬಾಳೆಹಣ್ಣು ಬರೆದಿದ್ದ. ರಘುನಾಥ್ ನಡೆಯುತ್ತಾ, "ಬರ್ಕೊಳ್ಳಪ್ಪ. ಚಂಗು, ತಗೋ ಬಾಳೆಹಣ್ಣು!" ಎಂದರು. ಗಾಳಿದೊರೆಯ ಬಾಯಲ್ಲಿ ಅದು ಬಾಲೆಹಣ್ಣಾಗಬೇಕು. ಫಕ್ರುದ್ದೀನನ ಕೈ ಏಳಲಿಲ್ಲ.

"ಏನಪ್ಪಾ? ಮಸಿ ಒಣಗೋಯ್ತಾ?"

"ಸಾರ್, ಈ ಒಂದು ಪದ ನನ್ ಕೈಲಿ ಬರೆಸಬೇಡಿ" ಎಂದ ಫಕ್ರುದ್ದೀನ. ಅಷ್ಟು ಹೇಳುವಷ್ಟರಲ್ಲಿ ಅವನ ಕಣ್ಣು ತುಂಬಿಕೊಂಡಿತ್ತು.

ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಒಂದೊಂದು ಹಣ್ಣಿನ ಹೆಸರು ಕೇಳಿದ್ದರು. ಇವನು ಎದ್ದು ಬಾಲೆಹಣ್ಣು ಎಂದ. "ಬಾಲೆ ಅಂದ್ರೆ ಹುಡುಗಿ ಕಣೋ. ನೀನು ಬಾಲೆ ಏನೋ?" ಎಂದರು ಮೇಷ್ಟ್ರು. ಅವರು ತಮಾಷೆಗೆ ಅಂದು ಮರೆತರು, ಹುಡುಗರು ಮರೆಯಲಿಲ್ಲ. ಆರು ವರ್ಷ ಅವನು ಬಾಲೆ. ಒಮ್ಮೆ ನಾಲ್ವರು ಅದುಮಿ ಹಿಡಿದು ತಲೆಗೆ ಟೇಪು ಕಟ್ಟಿ, ಹುಡುಗಿಯರ ಸಾಲಿನಲ್ಲಿ ಕೂರಿಸಿದರು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಅವನು ಶಾಲೆಯ ಕಡೆಗೆ ಹೋಗದೆ ಲಕ್ಕಣ್ಣನವರ ಏಣಿ ಹಿಡಿದು ನಿಂತ. ಓದು ಅಲ್ಲಿಗೆ ಮುಗಿಯಿತು. ಇದನ್ನೆಲ್ಲ ಅವನು ಮನೆಯಲ್ಲೂ ಹೇಳಿರಲಿಲ್ಲ, ರಘುನಾಥರಿಗೆ ಹೇಳಿದ.

ರಘುನಾಥ್ ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಬೀಡಿ ಆರಿಸಿ ನೆಟ್ಟಗೆ ಚಿತ್ರಗಾರನ ಮೇಜಿಗೆ ಹೋದರು. "ಕೋತಿ ಬಾಳೆಹಣ್ಣೇ ತಿನ್ಬೇಕು ಅಂತ ಯಾರ್ರೀ ಬರ್ಕೊಟ್ಟೋರು? ನಮ್ ಕೋತಿ ಸೀಬೆಹಣ್ಣು ತಿನ್ಲಿ" ಎಂದರು. ಚಿತ್ರಗಾರ ಗೊಣಗುತ್ತಾ ಬಾಳೆಹಣ್ಣಿಗೆ ಬಿಳಿ ಬಣ್ಣ ಬಳಿದು ಅದರ ಮೇಲೆಯೇ ಸೀಬೆಹಣ್ಣು ತಿದ್ದಿದ. ಹಳೆಯ ಉದ್ದ ಪೂರ್ತಿ ಮುಚ್ಚಲಿಲ್ಲ, ಹಣ್ಣು ಒಂದಿಷ್ಟು ನೀಳವಾಯಿತು. ಆವತ್ತಿನಿಂದ ಅರವತ್ತೊಂದನೇ ಸಂಚಿಕೆಯವರೆಗೆ ಚಂಗು ಸೀಬೆಹಣ್ಣು ಬಿಟ್ಟು ಬೇರೇನೂ ತಿನ್ನಲಿಲ್ಲ. ರಘುನಾಥ್ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಪತ್ರಿಕೆ ನಿಂತಿತು, ಫಕ್ರುದ್ದೀನ ಊರ ಕಡೆ ಬಂದ. ರಘುನಾಥ್ ತೀರಿಕೊಂಡದ್ದು ಅವನಿಗೆ ಗೊತ್ತಾದದ್ದು ಎಂಟು ತಿಂಗಳ ಮೇಲೆ. ಮಣ್ಣಿಗೂ ಹೋಗಲಿಲ್ಲವಲ್ಲ ಎಂದು ಅಂದು ಅತ್ತ. ಜೈನಾಬಿ ಯಾರು ಸತ್ತದ್ದು ಎಂದು ಕೇಳಿದರೆ, ನನಗೆ ಒಂದು ಹಣ್ಣು ಕೊಟ್ಟವರು ಎಂದ. ಅವಳಿಗೆ ಅರ್ಥವಾಗಲಿಲ್ಲ.

ಈಗ ಇಷ್ಟು ವರ್ಷದ ಮೇಲೆ ಫೋನಿನೊಳಗೆ ನಲವತ್ತಾರು ಜನ ಅದೇ ಗಾಳಿದೊರೆಯನ್ನು ಹಗಲೆಲ್ಲ ಗಿಂಜುತ್ತಿದ್ದರು. ಇಪ್ಪತ್ತಮೂರನೇ ಸಂಚಿಕೆಯಲ್ಲಿ ಅವನ ಎಡಗೈಗೆ ಆರು ಬೆರಳು, ಯಾಕೆ? ಮೂವತ್ತೊಂದನೇ ಸಂಚಿಕೆಯ ಹನ್ನೆರಡು ಪುಟ ಬರೀ ಕೆಂಪು, ಅದು ಅವನ ಕೋಪದ ಸಂಕೇತವೇ? ನೀಲಿ ಮಸಿಯ ಲಾರಿ ಬಂದಿರಲಿಲ್ಲ ಕಣ್ರಪ್ಪಾ ಎಂದು ಫಕ್ರುದ್ದೀನ ಮಣೆಯ ಮೇಲೆ ಕೂತು ಒಬ್ಬನೇ ನಗುತ್ತಿದ್ದ. ಏನು ನಗ್ತೀರಿ ಸಾಬ್ರೇ ಎಂದು ಈರಭದ್ರಪ್ಪ ಕೇಳಿದರೆ, ಏನಿಲ್ಲ ಎನ್ನುತ್ತಿದ್ದ. ಗುಂಪಿನಲ್ಲಿ ಅವನು ಒಂದಕ್ಷರ ಬರೆದವನಲ್ಲ. ಆದರೆ ಬೆಳಗ್ಗೆ ಎದ್ದು ಮೊದಲು ನೋಡುವುದು ಅದನ್ನೇ. ಒಂದು ದಿನ ಯಾರೂ ಏನೂ ಹಾಕದಿದ್ದರೆ ಅವನಿಗೆ ಮನೆಯಲ್ಲಿ ಸ್ಟವ್ ಹಚ್ಚುವುದಕ್ಕೂ ಬೇಜಾರಾಗುತ್ತಿತ್ತು.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಅನ್ನಿಸಿತ್ತು. ತಾನು ಸಾಯುವುದರೊಳಗೆ, ರಘುನಾಥ್ ಎಂಬ ಒಬ್ಬ ಮನುಷ್ಯ ಹೀಗೆ ಮಾಡಿದರು ಎಂದು ಒಬ್ಬರಿಗಾದರೂ ಗೊತ್ತಾಗಬೇಕು. ಆ ಒಂದು ಆಸೆ ಬಿಟ್ಟರೆ ಅವನಿಗೆ ಬೇರೆ ಏನೂ ಬೇಡವಾಗಿತ್ತು. ಆದರೆ ಅಡ್ಡಗಾಲು ಹಾಕಿದ್ದು ಗುಂಪಿನ ತಿಪ್ಪೇಶ. ತರೀಕೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಆ ತಿಪ್ಪೇಶ, ಳಕಾರದ ಚರ್ಚೆ ಬಿಸಿಯಾಗಿದ್ದಾಗ ಒಮ್ಮೆ ಬರೆದ: "ಅಕ್ಷರ ಬರ್ದೋನು ಯಾರೋ ಸಾಬ್ರಿರ್ಬೇಕು ಕಣ್ರೋ, ಅದ್ಕೇ ಳ ಬಂದಿಲ್ಲ!" ಅದರ ಕೆಳಗೆ ನಗುವ ಮುಖಗಳು ಸಾಲುಸಾಲಾಗಿ ಬಿದ್ದವು. ತನುಜಾ 'ತಿಪ್ಪೇಶ, ಸುಮ್ನಿರು' ಎಂದರು, ಮಾತು ಬೇರೆ ಕಡೆಗೆ ಹೊರಳಿತು. ಅಷ್ಟೂ ಜನರಲ್ಲಿ ನಿಜ ಹೇಳಿದವನು ಆ ತಲೆಹರಟೆ ಒಬ್ಬನೇ. ಇನ್ನು ಫಕ್ರುದ್ದೀನ ಬಾಯಿ ಬಿಟ್ಟರೆ, ರಘುನಾಥರ ದೊಡ್ಡತನ ಆಮೇಲೆ, ಮೊದಲು ತಿಪ್ಪೇಶನ ತಮಾಷೆ ಗೆಲ್ಲುತ್ತದೆ. ಮತ್ತೆ ನಾಲ್ಕನೇ ಕ್ಲಾಸಿನಲ್ಲಿ ಎದ್ದು ನಿಂತ ಹಾಗೆಯೇ.

ಕಳೆದ ವರ್ಷ ಒಂದು ಭಾನುವಾರ ಬಳಗದವರೆಲ್ಲ ಬೀರೂರಿನಲ್ಲಿ ಸೇರುವುದೆಂದಾಯಿತು. ಗಾಳಿದೊರೆಯ ಗುಟ್ಟುಗಳ ಬಗ್ಗೆ ಒಂದು ಪುಸ್ತಿಕೆ ತರಬೇಕು, ಒಂದೊಂದು ಪ್ರಶ್ನೆಗೂ ಅಲ್ಲೇ ತೀರ್ಮಾನ ಆಗಬೇಕು. ಪುಸ್ತಿಕೆಯಲ್ಲಿ ಅಚ್ಚಾದದ್ದೇ ಇನ್ನು ಮುಂದೆ ಸತ್ಯ. ಫಕ್ರುದ್ದೀನ ಎರಡು ವಾರ ಯೋಚನೆ ಮಾಡಿದ. ನಗುವವರು ನಗಲಿ ಎಂದು ಕೊನೆಗೆ ಗಟ್ಟಿ ಮನಸ್ಸು ಮಾಡಿ, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಸ್ಸು ಹತ್ತಿದ.

ಸ್ಟೇಷನ್ ಎದುರಿನ ಹೋಟೆಲಿನ ಮಹಡಿಯಲ್ಲಿ ಹದಿನೆಂಟು ಜನ ಸೇರಿದ್ದರು. ಇವನೊಬ್ಬನನ್ನು ಬಿಟ್ಟರೆ ಎಲ್ಲರೂ ನಲವತ್ತೈದರ ಆಸುಪಾಸಿನವರು, ಎಲ್ಲರ ತಲೆಯಲ್ಲೂ ನರೆ. ನಡುವೆ ಒಂದು ತಗಡಿನ ಟ್ರಂಕು, ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅರವತ್ತೊಂದು ಸಂಚಿಕೆಗಳು. ಟ್ರಂಕಿನ ಒಡೆಯ ರೇಣುಕಪ್ರಸಾದ್. ಗುಂಪು ಕಟ್ಟಿದವನೂ ಅವನೇ. ಶಿವನಿಯವನು, ಅಜ್ಜಂಪುರದಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ, ಮಿತಭಾಷಿ. ಯಾವ ಮಾತಿಗೂ ಸಂಚಿಕೆ ಎಷ್ಟು, ಪುಟ ಎಷ್ಟು, ಚೌಕ ಎಷ್ಟು ಎಂದು ಆಧಾರ ಕೇಳದೆ ಬಿಡುವವನಲ್ಲ.

ಮೊದಲನೆಯದೇ ಳಕಾರದ ಪ್ರಶ್ನೆ. ಜೋರಾಗಿ ಹಾರುವಾಗ ನಾಲಿಗೆ ಮಡಚಿದರೆ ಹಲ್ಲಿಗೆ ಸಿಕ್ಕಿ ತುಂಡಾಗುತ್ತದೆ, ಅದಕ್ಕೇ ಆಡುವುದಿಲ್ಲ ಎಂದು ಒಬ್ಬ ವಾದಿಸಿದ. ಬೂಟಿನ ಗಾಲಿಯ ವಾದವೂ ಬಂತು. ಕೊನೆಗೆ ರೇಣುಕಪ್ರಸಾದ್ ಎದ್ದು ನಿಂತ.

"ಮೊದಲ್ನೇ ಸಂಚಿಕೆನಲ್ಲಿ ಅವನ ತಾಯಿ ಕಾಣೆಯಾಗ್ತಾಳೆ. ಅವಳ ಹೆಸರನ್ನ ಎಲ್ಲೂ ಹೇಳಲ್ಲ. ಆ ಹೆಸರಲ್ಲಿ ಳ ಇರ್ಬೇಕು. ತಾಯಿ ಸಿಗೋವರೆಗೂ ಆ ಅಕ್ಷರ ಬಾಯಿಗೆ ತರಲ್ಲ ಅಂತ ಅವನು ಆಣೆ ಮಾಡವ್ನೆ" ಎಂದ. ಸ್ವಲ್ಪ ತಡೆದು, "ನಮ್ಮಮ್ಮನ ಹೆಸ್ರು ಮಂಗಳಮ್ಮ. ಎಂಬತ್ತೇಳರಲ್ಲಿ ಹೋದ್ರು. ನಂಗೆ ಹತ್ತು ವರ್ಷ. ಆಗ ಈ ಪುಸ್ತಕ ಕೈಲಿತ್ತು. ನಾನೂ ಒಂದು ವರ್ಷ ಳ ಬಿಟ್ಟಿದ್ದೆ" ಎಂದು ಕೂತುಬಿಟ್ಟ.

ತಿಪ್ಪೇಶ ಕೂಡ ತಲೆ ತಗ್ಗಿಸಿದ್ದ. ಒಪ್ಪುವವರು ಕೈ ಎತ್ತಿ ಎಂದರು ತನುಜಾ, ಕೈಗಳು ಎದ್ದವು. ಫಕ್ರುದ್ದೀನನ ಕೈ ಏಳಲಿಲ್ಲ, ಅದನ್ನು ಯಾರೂ ಗಮನಿಸಲೂ ಇಲ್ಲ. ಈ ಹೊತ್ತಿನಲ್ಲಿ ಎದ್ದು ಅದು ನನ್ನ ತಪ್ಪು ಎನ್ನುವುದು ಹೇಗೆ? ಅವನು ಮುಂದಿನ ಪ್ರಶ್ನೆಗೆ ಕಾದ.

ಎರಡನೇ ಪ್ರಶ್ನೆ ಚಂಗುವಿನದು. ಕೋತಿಯಾಗಿ ಬಾಳೆಹಣ್ಣು ಮುಟ್ಟದೆ ಸೀಬೆಹಣ್ಣನ್ನೇ ಯಾಕೆ ತಿನ್ನುತ್ತದೆ? ಇದಾದರೆ ಹೇಳಬಹುದು ಎನ್ನಿಸಿತು ಫಕ್ರುದ್ದೀನನಿಗೆ. ಇದರಲ್ಲಿ ಯಾರ ತಾಯಿಯೂ ಇಲ್ಲ. ರಘುನಾಥರ ಹೆಸರು ಬಂದರೆ ಸಾಕು. ಎದ್ದು ನಿಂತ. ಎರಡು ವರ್ಷದಲ್ಲಿ ಬಾಯಿ ಬಿಡದ ಮನುಷ್ಯ ಎದ್ದದ್ದು ನೋಡಿ ಎಲ್ಲರೂ ಇತ್ತ ತಿರುಗಿದರು. ಹದಿನೇಳು ಜೊತೆ ಕಣ್ಣು.

"ಆ ಬಾಲೆಹಣ್ಣಿನ ವಿಚಾರ ನಂಗೊತ್ತು" ಎಂದ.

ನಲವತ್ತು ವರ್ಷ ತಪ್ಪದೆ ಆಡಿದ ನಾಲಿಗೆ ಆ ಗಳಿಗೆಯಲ್ಲಿ ಮಡಚಲಿಲ್ಲ. ತಿಪ್ಪೇಶ ಕುರ್ಚಿಯಿಂದ ಹಾರಿ ಎದ್ದು, "ಅಬ್ಬಬ್ಬಾ! ಸಾಬ್ರು ಥೇಟ್ ಗಾಲಿದೊರೆ ಥರನೇ ಅಂದ್ರು ಕಣ್ರೋ!" ಎಂದು ಚಪ್ಪಾಳೆ ಹೊಡೆದ. ಮಹಡಿಯೆಲ್ಲ ನಗು, ಸಿಳ್ಳೆ. "ಕಲ್ಲರೇ ನಿಲ್ಲಿ ಅನ್ನಿ ಸಾಬ್ರೇ, ಒನ್ಸ್ ಮೋರ್!" ಎಂದರು. ಅವರ ನಗುವಿನಲ್ಲಿ ಕೆಡುಕಿರಲಿಲ್ಲ, ನಿಜವಾಗಿಯೂ ಪ್ರೀತಿಯೇ ಇತ್ತು. ಅದೇ ಅವನಿಗೆ ತಡೆಯಲಾಗಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ನಕ್ಕವರ ಮೇಲೆ ಸಿಟ್ಟಾದರೂ ಮಾಡಬಹುದಾಗಿತ್ತು.

ನಗು ಇಳಿದ ಮೇಲೆ ರೇಣುಕಪ್ರಸಾದ್ ಮೆಲ್ಲಗೆ, "ಚೆನ್ನಾಗಿ ಅಂದ್ರಿ ಸಾಬ್ರೇ. ಆದ್ರೆ ಒಂದು ತಪ್ಪು. ಗಾಳಿದೊರೆ ಆ ಪದಾನ ಒಂದ್ಸಲನೂ ಅಂದಿಲ್ಲ" ಎಂದ.

"ಗೊತ್ತಪ್ಪಾ" ಎಂದು ಫಕ್ರುದ್ದೀನ ಕೂತ. ಊಟದ ಎಲೆಗಳು ಬಂದವು, ಚಂಗುವಿನ ಪ್ರಶ್ನೆ ಅಲ್ಲಿಗೆ ನಿಂತಿತು.

ಸಂಜೆ ಎಲ್ಲರೂ ಚದುರಿದರು. ರೇಣುಕಪ್ರಸಾದನ ಟ್ರಂಕಿನ ಒಂದು ಕಡೆ ಹಿಡಿದುಕೊಂಡು ಫಕ್ರುದ್ದೀನ ಸ್ಟೇಷನ್ನಿಗೆ ಬಂದ. ಶಿವನಿಯ ಕಡೆಗೆ ಹೋಗುವ ಗಾಡಿ ತಡವಿತ್ತು. ಇಬ್ಬರೂ ಕಲ್ಲು ಬೆಂಚಿನ ಮೇಲೆ ಕೂತರು.

"ಸಾಬ್ರೇ, ನೀವು ಏನೋ ಹೇಳೋಕ್ ಎದ್ದಿದ್ರಿ. ಆ ತಿಪ್ಪೇಶ ಬಿಡ್ಲಿಲ್ಲ" ಎಂದ ರೇಣುಕಪ್ರಸಾದ್.

ಕೇಳಿದ್ದೇ ಸಾಕಾಯಿತು. ಯಾರಾದರೂ ಕೇಳಲಿ ಎಂದೇ ನಲವತ್ತು ವರ್ಷ ಕಾದ ಮನುಷ್ಯ, ಹಿಂದೆ ಮುಂದೆ ನೋಡದೆ ಎಲ್ಲವನ್ನೂ ಹೇಳಿದ. ನಾಲ್ಕನೇ ಕ್ಲಾಸು, ಬಾಲೆ, ರಘುನಾಥರ ಬೀಡಿ, ಗುಳ್ಳೆಗಳನ್ನು ಹಂಚಿಕೊಂಡದ್ದು, ಬಿಳಿ ಬಣ್ಣ ಬಳಿದದ್ದು. ಮಾತು ಒಂದಾದ ಮೇಲೊಂದು ಬಂತು. ಇಷ್ಟು ಮಾತು ತನ್ನೊಳಗಿತ್ತೇ ಎಂದು ಅವನಿಗೇ ಆಶ್ಚರ್ಯ. ಎದೆ ಹಗುರವಾಗಿ, ಜೈನಾಬಿ ಹೋದ ಮೇಲೆ ಮೊದಲ ಸಲ ಅವನಿಗೆ ಖುಷಿಯಾಗಿತ್ತು.

ರೇಣುಕಪ್ರಸಾದ್ ಆಧಾರ ಕೇಳಲಿಲ್ಲ. ಟ್ರಂಕು ತೆಗೆದು ಐದನೇ ಸಂಚಿಕೆ ಎತ್ತಿ, ಒಂಬತ್ತನೇ ಪುಟ ಬಿಡಿಸಿದ. ಚಂಗುವಿನ ಕೈಯಲ್ಲಿ ಸೀಬೆಹಣ್ಣು ನೀಳವಾಗಿತ್ತು. ಅದನ್ನು ಬಹಳ ಹೊತ್ತು ನೋಡಿದ.

"ಚಿಕ್ಕೋನಿದ್ದಾಗಿಂದ ನೋಡ್ತಿದೀನಿ. ಈ ಹಣ್ಣು ಯಾಕಿಂಗೈತೆ ಅಂತ ಗೊತ್ತಾಗಿರ್ಲಿಲ್ಲ" ಎಂದ. ಆಮೇಲೆ ಪುಟದಿಂದ ತಲೆ ಎತ್ತದೆಯೇ ಕೇಳಿದ: "ಹಂಗಾದ್ರೆ, ಅಮ್ಮನ ಹೆಸ್ರಿಗೋಸ್ಕರ ಅಲ್ವಾ?"

ನಲವತ್ತೇಳು ವರ್ಷದ ಗಂಡಸಿನ ದನಿಯಾಗಿರಲಿಲ್ಲ ಅದು. ಹಣ್ಣಿನ ಕಥೆ ಹೇಳುವ ಆತುರದಲ್ಲಿ ಫಕ್ರುದ್ದೀನ ಅಕ್ಷರದ ಕಥೆಯನ್ನೂ ಹೇಳಿಬಿಟ್ಟಿದ್ದ. ಈಗ ಬೇರೆ ಏನಾದರೂ ಹೇಳಬಹುದಿತ್ತೇನೋ. ಆದರೆ ಪುಟವನ್ನು ಅಷ್ಟು ಗಟ್ಟಿಯಾಗಿ ಹಿಡಿದು ಕೂತವನ ಮುಂದೆ ಸುಳ್ಳು ನಾಲಿಗೆಗೆ ಬರಲಿಲ್ಲ.

"ಇಲ್ಲಪ್ಪಾ. ನನ್ನ ನಾಲಿಗೆ ತಿರುಗ್ತಿರ್ಲಿಲ್ಲ, ಅಷ್ಟೇ."

ಗಾಡಿ ಬಂತು. ರೇಣುಕಪ್ರಸಾದ್ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಟ್ಟು, ಟ್ರಂಕಿಗೆ ಬೀಗ ಹಾಕಿದ. ಇಬ್ಬರೂ ಸೇರಿ ಅದನ್ನು ಬೋಗಿಗೆ ಎತ್ತಿ ಹಾಕಿದರು. "ಬತ್ತೀನಿ ಸಾಬ್ರೇ" ಎಂದು ಅವನು ಒಳಗೆ ಹೋದ, ಕಿಟಕಿಗೆ ಬರಲಿಲ್ಲ.

ಮೂರು ದಿನ ಫಕ್ರುದ್ದೀನ ಫೋನನ್ನು ಮಣೆಯ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಂಡು ಕೆಲಸ ಮಾಡಿದ. ಒಮ್ಮೆ ಉಚ್ಚಂಗಮ್ಮ ಎಂದು ಕೊರೆಯಬೇಕಾದಲ್ಲಿ ಒಂದು ಚ ಬಿಟ್ಟ, ಈರಭದ್ರಪ್ಪ ಬೈದರು. ನಾಲ್ಕನೇ ದಿನ ಮಧ್ಯಾಹ್ನ ತನುಜಾ ಪುಸ್ತಿಕೆಯ ಪುಟವನ್ನು ಗುಂಪಿಗೆ ಹಾಕಿದರು. 'ಪ್ರಶ್ನೆ ಒಂದು: ಗಾಳಿದೊರೆ ಳ ಬಿಟ್ಟದ್ದು ಕಳೆದುಹೋದ ತಾಯಿಗಾಗಿ. ಪ್ರಶ್ನೆ ಎರಡು: ಚಂಗು ಸೀಬೆಹಣ್ಣನ್ನೇ ತಿನ್ನುವ ಕಾರಣ ಯಾರಿಗೂ ಗೊತ್ತಿಲ್ಲ.' ಕೆಳಗೆ, ಬರಹ ರೇಣುಕಪ್ರಸಾದ್ ಎಂದಿತ್ತು.

ಅದರ ಹಿಂದೆಯೇ ಫಕ್ರುದ್ದೀನನ ನಂಬರಿಗೆ ಮಾತ್ರ ಒಂದು ಸಾಲು ಬಂತು. "ಸಾಬ್ರೇ, ಮೂರು ದಿನ ಬರೆಯೋಕೆ ಕೂತೆ. ನನ್ನ ಕೈಲಿ ಆಗ್ಲಿಲ್ಲ. ತಪ್ಪು ತಿಳ್ಕೋಬೇಡಿ."

ಫಕ್ರುದ್ದೀನನಿಗೆ ಸಿಟ್ಟು ಬಂತು. ಯಾರಿಗೂ ಗೊತ್ತಿಲ್ಲವಂತೆ! ರಘುನಾಥ್ ಎಂಬ ನಾಲ್ಕು ಅಕ್ಷರ ಬರೆಯಲು ಇವನ ಕೈ ಸವೆಯುತ್ತಿತ್ತೇ? ತಾನೇ ಬರೆಯುತ್ತೇನೆ ಎಂದು ಗುಂಪು ತೆರೆದ. 'ಚಂಗು ಸೀಬೆಹಣ್ಣು ತಿನ್ನುವ ಕಾರಣ ನನಗೆ ಗೊತ್ತು' ಎಂದು ಒಂದೊಂದೇ ಅಕ್ಷರ ಒತ್ತಿ ಬರೆದ. ಕಳಿಸುವುದೊಂದೇ ಬಾಕಿ. ಆದರೆ ಕಾರಣ ಎಂದರೆ ಎಲ್ಲ ಕಾರಣವೂ ಬರುತ್ತದೆ. ಶಿವನಿಯ ಒಂದು ಮನೆಯಲ್ಲಿ, ತಾಯಿ ಸತ್ತ ಹತ್ತು ವರ್ಷದ ಹುಡುಗ ಬಾಯಿ ಬಿಗಿಹಿಡಿದು ಒಂದಕ್ಷರ ಉಳಿಸಿಕೊಂಡು ಕೂತಿದ್ದಾನೆ. ಅವನನ್ನು ನಲವತ್ತಾರು ಜನರ ಮುಂದೆ ಎಬ್ಬಿಸಿ ನಿಲ್ಲಿಸಬೇಕು. ಹಾಗೆ ಎಬ್ಬಿಸಿ ನಿಲ್ಲಿಸಿದರೆ ಏನಾಗುತ್ತದೆ ಎಂದು ಫಕ್ರುದ್ದೀನನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಬರೆದದ್ದನ್ನು ಹಿಂದಿನಿಂದ ಒಂದೊಂದಾಗಿ ಅಳಿಸಿದ. ಅಳಿಸುವಾಗ ಕಣ್ಣು ಮಂಜಾಗಿ ಕನ್ನಡಕ ತೆಗೆಯಬೇಕಾಯಿತು.

ಗುಂಪಿನಲ್ಲಿ ತನುಜಾ ಅವಸರ ಮಾಡುತ್ತಿದ್ದರು. "ಇವತ್ತೇ ಪ್ರೆಸ್ಸಿಗೆ ಕೊಡ್ಬೇಕು, ಒಪ್ಪಿಗೆ ಇರೋರೆಲ್ಲ ಬೇಗ ಹೆಬ್ಬೆಟ್ಟು ಒತ್ರಪ್ಪಾ."

"ಓದು ಬರಹ ಬರೋರೂ ಒತ್ಬೋದಾ ಮೇಡಂ?" ಎಂದು ತಿಪ್ಪೇಶ ಕೇಳಿದ.

ಒಂದೊಂದಾಗಿ ಹಳದಿ ಹೆಬ್ಬೆರಳುಗಳು ಬಂದು ಸಾಲಾಗಿ ಕೂತವು. ತಿಪ್ಪೇಶನದು, ತನುಜಾರದು, ಕೊನೆಗೆ ತುಂಬ ತಡವಾಗಿ ರೇಣುಕಪ್ರಸಾದನದು. ಗಾಳಿದೊರೆಯ ಒಂದೊಂದು ಮಾತನ್ನೂ ತನ್ನ ಕೈಯಾರೆ ಬರೆದ ಫಕ್ರುದ್ದೀನ, ಕನ್ನಡಕ ಒರೆಸಿ ಹಾಕಿಕೊಂಡು, ತಾನೂ ಹೆಬ್ಬೆಟ್ಟು ಒತ್ತಿದ.